ಮುಂಚಕ್ರ ಎಲ್ಲಿಗೆ ನಿಲ್ಲಬೇಕು?

ಪ್ರಶ್ನೆ: ಬಿಡಿಭಾಗಗಳ ಕಿಟ್ ತಂದು ಮನೆಯಲ್ಲಿಯೇ ಎರಡು ಆಸನಗಳ ಕಾರೊಂದನ್ನು ಜೋಡಿಸುತ್ತಿದ್ದೇನೆ. ಸ್ಟಿಯರಿಂಗ್ ರ‍್ಯಾಕ್ (ಮುಂಚಕ್ರಗಳನ್ನು ತಿರುಗಿಸಲು ಅಡ್ಡಲಾಗಿ ಸರಿಯುವ ಹಲ್ಲಿನ ಸರಳಿನ ಜೋಡಣೆ) ಹಳೆಯ ಸಣ್ಣ ಕಾರೊಂದರದು, ಪವರ್ ಸ್ಟಿಯರಿಂಗ್ ಇಲ್ಲ. ಎಡಕ್ಕೆ ಪೂರ್ತಿ ತಿರುಗಿಸಿದರೆ ಎಡಗಡೆಯ ಟೈರು ಚಾಸಿಯ ಕೊಳವೆಗೆ ಉಜ್ಜುತ್ತದೆ. ಬಲಕ್ಕೆ ತಿರುಗಿಸಿದಾಗ ಬಲಗಡೆ ಒಂದು ಬೆರಳಿನಷ್ಟು ಜಾಗ ಉಳಿಯುತ್ತದೆ. ಸ್ಟಿಯರಿಂಗ್ ಕಾಲಮ್ಮಿಗೆ (ಸ್ಟಿಯರಿಂಗ್ ಚಕ್ರದಿಂದ ಕೆಳಗಿಳಿಯುವ ದಂಡಕ್ಕೆ) ಕಬ್ಬಿಣದ ತುಂಡೊಂದನ್ನು ವೆಲ್ಡ್ ಮಾಡಿ ತಡೆ ಕೊಡಬಹುದೆಂದು ಗೆಳೆಯರು ಹೇಳುತ್ತಾರೆ. ಹಾಗೆ ಮಾಡಬಹುದೇ?
— ಓದುಗರೊಬ್ಬರು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ತಡೆ ಕಾಲಮ್ಮಿನಲ್ಲಿದ್ದರೆ ಚಕ್ರವು ಕಲ್ಲಿಗೋ ಗುಂಡಿಗೋ ಬಡಿದಾಗಿನ ಹೊಡೆತವು ಟೈ ರಾಡ್ (ಸರಳಿನ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಕಂಬಿ), ರ‍್ಯಾಕಿನ ಹಲ್ಲುಗಳು, ಪಿನಿಯನ್ (ಆ ಹಲ್ಲುಗಳನ್ನು ಸರಿಸುವ ಸಣ್ಣ ಹಲ್ಲುಗಾಲಿ) ಮತ್ತು ಕಾಲಮ್ಮಿನ ಜಾಯಿಂಟುಗಳನ್ನು ಹಾದು ಆ ತುಂಡಿಗೆ ತಲುಪಬೇಕಾಗುತ್ತದೆ. ನಡುವಿನ ಯಾವ ಭಾಗವೂ ಅಂಥ ಭಾರಕ್ಕೆಂದು ಮಾಡಿದ್ದಲ್ಲ. ಅದಲ್ಲದೆ ಕಾಲಮ್, ರ‍್ಯಾಕ್, ಟೈ ರಾಡ್, ಸ್ಟಿಯರಿಂಗ್ ಆರ್ಮ್ (ಟೈ ರಾಡ್ ಎಳೆದು ತಳ್ಳುವ, ಚಕ್ರದ ಬದಿಯ ಸನ್ನೆ) ಇವುಗಳಿಗೆ ಮನೆಯಲ್ಲಿ ವೆಲ್ಡಿಂಗಿನ ಶಾಖ ತಗುಲಿಸಿದರೆ ಉಕ್ಕಿನ ಹದ ಕೆಟ್ಟು, ಕಣ್ಣಿಗೆ ಕಾಣದ ಬಿರುಕು ಹುಟ್ಟಬಹುದು. ಬ್ರೇಕು ಕೈಕೊಟ್ಟರೆ ಕೈಬ್ರೇಕಾದರೂ ಇರುತ್ತದೆ, ಸ್ಟಿಯರಿಂಗ್ ಮುರಿದರೆ ಎರಡನೆಯ ಆಸರೆ ಇಲ್ಲ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ. ತಡೆ ಹಾಕುವ ಮೊದಲು ಇದರ ಕಾರಣವನ್ನು ಹುಡುಕಬೇಕು. ಸ್ಟಿಯರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಿರುಗಿಸಿ ಸುತ್ತುಗಳನ್ನು ಎಣಿಸಿ, ಅದರ ಸರಿಯಾಗಿ ಅರ್ಧಕ್ಕೆ ತಂದು ನಿಲ್ಲಿಸಿ. ಆಗ ಮುಂಚಕ್ರಗಳು ನೇರವಾಗಿ ನಿಲ್ಲದಿದ್ದರೆ ಟೈ ರಾಡುಗಳ ಉದ್ದ ಸಮನಾಗಿಲ್ಲ, ಇಲ್ಲವೇ ರ‍್ಯಾಕನ್ನು ಚಾಸಿಯ ನಡುವಿಗೆ ಸರಿಯಾಗಿ ಕೂರಿಸಿಲ್ಲ ಎಂದರ್ಥ. ಇದನ್ನು ಸರಿಪಡಿಸಿದ ಮೇಲೆ ಉಜ್ಜಾಟ ಅರ್ಧಕ್ಕರ್ಧ ಕಡಿಮೆಯಾದರೂ ಆಶ್ಚರ್ಯವಿಲ್ಲ. ಕಿಟ್ಟಿನವರು ಹೇಳಿದ ಅಳತೆಗಿಂತ ಅಗಲವಾದ ಟೈರನ್ನೋ ಬೇರೆ ಆಫ್‌ಸೆಟ್ಟಿನ (ಚಕ್ರ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ಕೂರುತ್ತದೆಂಬ ಅಳತೆ) ರಿಮ್ಮನ್ನೋ ಹಾಕಿದ್ದೀರಾ ಎಂಬುದನ್ನೂ ನೋಡಿಕೊಳ್ಳಿ.

ಇಷ್ಟಾದರೂ ಟೈರು ತಾಗುತ್ತಿದ್ದರೆ, ರ‍್ಯಾಕಿನ ಓಟವನ್ನೇ ಮೊಟಕುಗೊಳಿಸುವುದು ಸರಿಯಾದ ದಾರಿ. ಧೂಳು ತಡೆಯುವ ರಬ್ಬರ್ ಬೂಟನ್ನು (ಹೊದಿಕೆಯನ್ನು) ಸರಿಸಿ, ಟೈ ರಾಡಿನ ಒಳಗಿನ ಬಾಲ್ ಜಾಯಿಂಟನ್ನು (ಗುಂಡಿನ ಕೀಲನ್ನು) ಬಿಚ್ಚಿ, ರ‍್ಯಾಕಿನ ಸರಳಿನ ಮೇಲೆ ಲೇತಿನಲ್ಲಿ ಕಡೆದ ಇಡಿಯ ಬಳೆಯೊಂದನ್ನು ತೂರಿಸಿ, ಜಾಯಿಂಟನ್ನು ಅದರ ಮೂಲ ಜಾಗದಲ್ಲಿಯೇ ಮತ್ತೆ ಬಿಗಿಯಬೇಕು. ಕೊನೆಯ ತಿರುವಿನಲ್ಲಿ ಈ ಬಳೆಯು ಜಾಯಿಂಟಿಗೂ ರ‍್ಯಾಕಿನ ಕವಚಕ್ಕೂ ನಡುವೆ ಸಿಕ್ಕಿ ಓಟವನ್ನು ನಿಲ್ಲಿಸುತ್ತದೆ. ಬಳೆ ಉಕ್ಕಿನದಾಗಲಿ ಅಲ್ಯೂಮಿನಿಯಮಿನದಾಗಲಿ, ಸರಳಿನ ಮೇಲೆ ಸಲೀಸಾಗಿ ಜಾರಬೇಕು, ಅಂಚುಗಳು ಮೊನಚಾಗಿರಬಾರದು, ಮತ್ತು ಅದು ಬಡಿಯಬೇಕಾದದ್ದು ಕವಚದ ಲೋಹದ ಮುಖಕ್ಕೇ ಹೊರತು ಅಲ್ಲಿರುವ ಸರಳನ್ನು ಆನುವ ಪ್ಲಾಸ್ಟಿಕ್ ಬುಷ್ಷಿಗಲ್ಲ. ಎರಡು ಹೋಳುಗಳನ್ನು ಸೇರಿಸಿ ಸ್ಕ್ರೂ ಬಿಗಿಯುವ ಬಳೆಗಳೂ ಸಿಗುತ್ತವೆ. ಬಿಚ್ಚುವ ಕೆಲಸ ತಪ್ಪುವುದೇನೋ ನಿಜ, ಆದರೆ ಸ್ಕ್ರೂ ಸಡಿಲಗೊಂಡು ಹೋಳೊಂದು ಬೂಟಿನೊಳಗೆ ಅಡ್ಡಲಾಗಿ ಸಿಕ್ಕಿಕೊಂಡರೆ ತಿರುವಿನ ನಡುವೆಯೇ ಸ್ಟಿಯರಿಂಗ್ ಬಿಗಿದುಕೊಳ್ಳಬಹುದಾದ್ದರಿಂದ ನಾನು ಅವನ್ನು ಒಪ್ಪುವುದಿಲ್ಲ.

ಇಲ್ಲಿ ಹಲವರು ಎಡವುವುದು ಒಂದು ಸೂಕ್ಷ್ಮದಲ್ಲಿ. ಬಳೆಯು ಸರಳಿನ ಮೇಲೆ ಇರಬೇಕೇ ಹೊರತು ಸರಳಿನ ತುದಿಗೂ ಜಾಯಿಂಟಿಗೂ ನಡುವೆ ವಾಷರಿನಂತೆ ಬಿಗಿದುಕೊಳ್ಳಬಾರದು. ಹಾಗೆ ಬಿಗಿದರೆ ಜಾಯಿಂಟು ಹಿಡಿದುಕೊಳ್ಳುವ ಥ್ರೆಡ್ಡಿನ ಉದ್ದ ಕಡಿಮೆಯಾಗುತ್ತದೆ. ಜೊತೆಗೆ ಟೈ ರಾಡ್ ತೂಗುವ ಬಿಂದುವೇ ಹೊರಕ್ಕೆ ಸರಿದು, ರಸ್ತೆಯ ಉಬ್ಬು ಹತ್ತಿಳಿಯುವಾಗಲೆಲ್ಲ ನೀವು ಕೈ ಅಲುಗಿಸದಿದ್ದರೂ ಚಕ್ರಗಳು ತಾವಾಗಿ ಅತ್ತಿತ್ತ ತಿರುಗತೊಡಗುತ್ತವೆ.

ಬಳೆಯ ದಪ್ಪವನ್ನು ಊಹೆಯಿಂದ ನಿರ್ಧರಿಸಬೇಡಿ. ಸ್ಪ್ರಿಂಗುಗಳನ್ನು ಕಳಚಿ, ಚಾಸಿಯನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಚಕ್ರವನ್ನು ಜ್ಯಾಕಿನಿಂದ ಸಸ್ಪೆನ್ಷನ್ ಪೂರ್ತಿ ಮೇಲೇರುವ ಮಟ್ಟದಿಂದ ಪೂರ್ತಿ ಕೆಳಗಿಳಿಯುವ ಮಟ್ಟದವರೆಗೆ ಸ್ವಲ್ಪ ಸ್ವಲ್ಪವಾಗಿ ಸರಿಸುತ್ತ, ಪ್ರತಿ ಹಂತದಲ್ಲಿಯೂ ಎರಡೂ ಕಡೆಗೆ ತಿರುಗಿಸಿ ನೋಡಿ. ಟೈರು ಮಾತ್ರವಲ್ಲ, ಬ್ರೇಕ್ ಹೋಸು ಎಳೆದು ಬಿಗಿಯಾಗುತ್ತದೆಯೇ, ಮಡ್‌ಗಾರ್ಡಿನ ಬ್ರ್ಯಾಕೆಟ್ಟು ತಾಗುತ್ತದೆಯೇ ಎಂಬುದೂ ಇಲ್ಲಿಯೇ ತಿಳಿಯುತ್ತದೆ. ಓಡುವಾಗ ಟೈರು ಬಾಗುತ್ತದೆ, ಸಸ್ಪೆನ್ಷನ್ನಿನ ರಬ್ಬರ್ ಬುಷ್ಷುಗಳು ಕುಗ್ಗುತ್ತವೆ. ಆದ್ದರಿಂದ ಅತಿ ಇಕ್ಕಟ್ಟಾದ ಜಾಗದಲ್ಲಿಯೂ ಸುಮಾರು 15 ಮಿಲಿಮೀಟರ್ ಉಳಿಸಿಕೊಳ್ಳುವುದು ನನ್ನ ರೂಢಿ.

ಲೆಕ್ಕದ ಅಂದಾಜಿಗೆ ಒಂದು ಉದಾಹರಣೆ ಕೊಡುತ್ತೇನೆ. ಸ್ಟಿಯರಿಂಗ್ ಆರ್ಮಿನ ಉದ್ದ 120 ಮಿಲಿಮೀಟರ್ ಇದ್ದರೆ ಚಕ್ರ 30 ಡಿಗ್ರಿ ತಿರುಗಲು ರ‍್ಯಾಕು ನಡುವಿನಿಂದ ಸುಮಾರು 60 ಮಿಲಿಮೀಟರ್ ಸರಿಯಬೇಕು. 25 ಡಿಗ್ರಿಗೆ ಸುಮಾರು 51 ಸಾಕು. ಅಂದರೆ 9 ಮಿಲಿಮೀಟರ್ ದಪ್ಪದ ಬಳೆಯು ಹೆಚ್ಚುಕಡಿಮೆ 5 ಡಿಗ್ರಿಯನ್ನು ಕಳೆಯುತ್ತದೆ. ಇದಕ್ಕೆ ಬೆಲೆಯೂ ಇದೆ: ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.3 ಮೀಟರ್ ಇರುವ ಕಾರಿನಲ್ಲಿ ತಿರುವಿನ ಹೊರಬದಿಯ ಚಕ್ರದ ಕೋನ 30ರಿಂದ 25ಕ್ಕೆ ಇಳಿದರೆ ತಿರುಗುವ ವೃತ್ತದ ವ್ಯಾಸ ಸುಮಾರು 9.2 ಮೀಟರಿನಿಂದ 10.9 ಮೀಟರಿಗೆ ಏರುತ್ತದೆ. ಆದ್ದರಿಂದ ಬೇಕಾದಷ್ಟು ಮಾತ್ರ ಕಡಿಮೆ ಮಾಡಿ, ಎರಡೂ ಕಡೆ ಒಂದೇ ದಪ್ಪದ ಬಳೆ ಹಾಕಿ.

ಜಾಯಿಂಟನ್ನು ತಯಾರಕರು ಹೇಳಿದ ಬಿಗಿತಕ್ಕೇ ಬಿಗಿದು, ಅದು ತಿರುಚಿ ಸಡಿಲವಾಗದಂತೆ ಮೂಲದಲ್ಲಿ ಯಾವ ಬಂಧವಿತ್ತೋ ಅದನ್ನೇ ಮತ್ತೆ ಮಾಡಿ. ಒಮ್ಮೆ ತಟ್ಟಿ ಬಂಧಿಸಿದ್ದನ್ನು ಬಿಚ್ಚಿದ ಮೇಲೆ ಹೊಸ ಜಾಯಿಂಟು ಹಾಕುವುದೇ ಒಳ್ಳೆಯದು. ಬೂಟು ಬಳೆಯ ಕೆಳಗೆ ಸಿಕ್ಕಿ ಹರಿಯದಂತೆ ನೋಡಿಕೊಳ್ಳಿ. ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಿ, ವಾಹನ ಪರೀಕ್ಷೆಗೆ ಹೋದಾಗ ಈ ಬದಲಾವಣೆಯನ್ನು ಮುಚ್ಚಿಡದೆ ತೋರಿಸಿ. ಮೊದಲ ನಿಧಾನದ ಓಡಾಟಕ್ಕೆ ಮುನ್ನ ಟೈರು ತಾಗುತ್ತಿದ್ದ ಕೊಳವೆಗೆ ಬಣ್ಣ ಬಳಿಯಿರಿ. ಹಿಂತಿರುಗಿದಾಗ ಬಣ್ಣ ಅಲ್ಲಿ ಕಿಂಚಿತ್ತಾದರೂ ಕೆರೆದಿದ್ದರೆ ಮತ್ತೆ ಅಳತೆಗೆ ಕೂರಬೇಕು.