ಓದುಗರ ಪ್ರಶ್ನೆ: ಗುಲಾಮಗಿರಿ, ಅಂದು ಮತ್ತು ಇಂದು

ಪ್ರಶ್ನೆ: ಗುಲಾಮಗಿರಿಯ ಚರಿತ್ರೆ ಓದಬೇಕೆಂದು ಹೊರಟರೆ ನಾಲ್ಕು ಶತಮಾನ, ನಾಲ್ಕು ಖಂಡ. ಎಲ್ಲಿಂದ ಹಿಡಿಯಬೇಕೋ ತಿಳಿಯುತ್ತಿಲ್ಲ.

ಉತ್ತರ: ಒಂದೇ ಒಂದು ಹಡಗಿನಿಂದ ಹಿಡಿಯಿರಿ. ಅಟ್ಲಾಂಟಿಕ್ ಗುಲಾಮ ವ್ಯಾಪಾರದ 36,000ಕ್ಕೂ ಹೆಚ್ಚು ಪ್ರಯಾಣಗಳ ವಿವರವನ್ನು ಸಂಶೋಧಕರು ಕಲೆಹಾಕಿ ‘ಸ್ಲೇವ್ ವಾಯೇಜಸ್’ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಯಾವುದಾದರೂ ಒಂದು ಪ್ರಯಾಣ ಆರಿಸಿ ಮೂರು ವಿವರ ಬರೆದುಕೊಳ್ಳಿ: ಆಫ್ರಿಕಾದ ಯಾವ ಬಂದರು, ಎಷ್ಟು ಜನರನ್ನು ಹತ್ತಿಸಿದರು, ಎಷ್ಟು ಜನರನ್ನು ಇಳಿಸಿದರು. ಹತ್ತಿಸಿದ್ದರಲ್ಲಿ ಇಳಿಸಿದ್ದನ್ನು ಕಳೆಯಿರಿ. ಇಡೀ ವ್ಯಾಪಾರಕ್ಕೆ ಇದೇ ಲೆಕ್ಕ ಮಾಡಿದರೆ, ಹತ್ತಿಸಿದ್ದು ಸುಮಾರು 1.25 ಕೋಟಿ, ಇಳಿಸಿದ್ದು ಸುಮಾರು 1.07 ಕೋಟಿ. ನಡುವಿನ 18 ಲಕ್ಷ ಜನ ದಡ ಸೇರಲಿಲ್ಲ.

ಹೊಸಬರು ಎಡವುವುದು ಎರಡು ಕಡೆ. ಅಲ್ಲಿನ ಅಂಕಿಗಳೆಲ್ಲ ಹಡಗಿನ ಕಾಗದದಲ್ಲಿ ಇದ್ದವಲ್ಲ. ದಾಖಲೆ ಸಿಗದ ಕಡೆ ಅಂದಾಜು ತುಂಬಿರುತ್ತಾರೆ, ಎರಡನ್ನೂ ಬೇರೆಬೇರೆ ನೋಡಿಕೊಳ್ಳಬೇಕು. ಇನ್ನೊಂದು, ಗುಲಾಮಗಿರಿ ಎಂದ ಕೂಡಲೇ ಅಮೆರಿಕದ ಹತ್ತಿ ಹೊಲ ಕಣ್ಣಮುಂದೆ ಬರುತ್ತದಲ್ಲ, ಆ ಉತ್ತರ ಅಮೆರಿಕದ ನೆಲಕ್ಕೆ ನೇರವಾಗಿ ಬಂದಿಳಿದವರು ಸುಮಾರು 4 ಲಕ್ಷ ಮಾತ್ರ. ಬ್ರೆಜಿಲ್ ಒಂದಕ್ಕೇ 48 ಲಕ್ಷಕ್ಕೂ ಹೆಚ್ಚು. ಸಹಾರಾ, ಕೆಂಪು ಸಮುದ್ರ, ಹಿಂದೂ ಮಹಾಸಾಗರದ ದಾರಿಗಳದು ಇದಕ್ಕಿಂತ ಹಳೆಯ, ಬೇರೆಯದೇ ಕಥೆ. ಇಥಿಯೋಪಿಯಾದಲ್ಲಿ ಮಾರಾಟವಾದ ಹುಡುಗ ಅಹ್ಮದ್‌ನಗರದ ರಾಜ್ಯವನ್ನೇ ನಡೆಸಿದ ಮಲಿಕ್ ಅಂಬರ್ ಆದದ್ದು ಆ ದಾರಿಯಲ್ಲಿ.

ಆಮೇಲೆ ‘ಬ್ರೂಕ್ಸ್’ ಹಡಗಿನ ನಕ್ಷೆ ನೋಡಿ. ಗುಲಾಮ ವ್ಯಾಪಾರದ ವಿರೋಧಿಗಳು ಬ್ರಿಟನ್ನಿನಲ್ಲಿ 1788-89ರ ಹೊತ್ತಿಗೆ ಅಚ್ಚುಹಾಕಿ ಹಂಚಿದ್ದು. ಗಂಡಸೊಬ್ಬನಿಗೆ ಕೊಟ್ಟ ಜಾಗ 6 ಅಡಿ ಉದ್ದ, 1 ಅಡಿ 4 ಅಂಗುಲ ಅಗಲ. ಸೀಮೆಸುಣ್ಣ ತಂದು ನೆಲದ ಮೇಲೆ ಆ ಅಳತೆ ಗೀಚಿ, ಅದರೊಳಗೆ ಮಲಗಿ, ಮಗ್ಗುಲು ಬದಲಿಸಿ ನೋಡಿ. ಈ ಹಡಗಿಗೆ ಕಾನೂನು ಒಪ್ಪಿದ ಮಿತಿ 454 ಜನ. ಆ ಕಾನೂನಿಗೆ ಮುಂಚೆ ಅದೇ ಹಡಗು 600ಕ್ಕೂ ಹೆಚ್ಚು ಜನರನ್ನು ತುಂಬಿಕೊಂಡು ಹೋಗಿತ್ತು.

ಪ್ರಶ್ನೆ: ದಾಖಲೆಗಳೆಲ್ಲ ಮಾಲೀಕರು ಬರೆದವೇ ಅಲ್ಲವೇ? ಅವನ್ನು ನಂಬುವುದು ಹೇಗೆ?

ಉತ್ತರ: ಅವರು ಯಾವುದಕ್ಕಾಗಿ ಬರೆದರು ಎಂಬುದನ್ನು ಮೊದಲು ಕೇಳಿ. 1781ರಲ್ಲಿ ‘ಜಾಂಗ್’ ಹಡಗಿನವರು ನೀರು ಸಾಲದೆಂದು 130ಕ್ಕೂ ಹೆಚ್ಚು ಜನರನ್ನು ಜೀವಂತ ಸಮುದ್ರಕ್ಕೆ ಎಸೆದರು. ಇದು ನಮಗೆ ತಿಳಿದಿರುವುದು ಕೊಲೆ ಮೊಕದ್ದಮೆಯಿಂದಲ್ಲ, 1783ರ ವಿಮೆ ವ್ಯಾಜ್ಯದಿಂದ. ಹಡಗಿನ ಮಾಲೀಕರು ತಲೆಗೆ 30 ಪೌಂಡಿನಂತೆ ‘ಸರಕು ನಷ್ಟ’ ಕೇಳಿದ್ದರು. ಹಣದ ವಿಷಯದಲ್ಲಿ ಇಂಥ ಕಾಗದ ನಿಖರ, ಮನುಷ್ಯರ ವಿಷಯದಲ್ಲಿ ಕುರುಡು.

ಗುಲಾಮರಾಗಿದ್ದವರ ಮಾತೂ ಉಳಿದಿದೆ. ಅಮೆರಿಕದಲ್ಲಿ 1936ರಿಂದ 38ರವರೆಗೆ 2,300ಕ್ಕೂ ಹೆಚ್ಚು ವೃದ್ಧರ ಸಂದರ್ಶನ ನಡೆಯಿತು. ಓದುವಾಗ ನೆನಪಿರಲಿ: ಬಿಡುಗಡೆಯ ಹೊತ್ತಿಗೆ ಅವರಲ್ಲಿ ಬಹಳಷ್ಟು ಜನ ಮಕ್ಕಳು, ಪ್ರಶ್ನೆ ಕೇಳಿದವರು ಹೆಚ್ಚಾಗಿ ಬಿಳಿಯರು, ಕಾಲ ಮಹಾ ಆರ್ಥಿಕ ಕುಸಿತದ್ದು. ಬಿಳಿಯನೆದುರು ‘ಯಜಮಾನರು ಒಳ್ಳೆಯವರು’ ಎಂದದ್ದನ್ನು ಹಾಗೇ ನಂಬಿಬಿಡಬೇಡಿ.

ಪ್ರಶ್ನೆ: ಬ್ರಿಟನ್ ಗುಲಾಮಗಿರಿ ರದ್ದು ಮಾಡಿದ್ದು 1807ರಲ್ಲೋ 1833ರಲ್ಲೋ?

ಉತ್ತರ: 1807ರಲ್ಲಿ ನಿಷೇಧವಾದದ್ದು ಗುಲಾಮರನ್ನು ಹಡಗಿನಲ್ಲಿ ತಂದು ಮಾರುವ ವ್ಯಾಪಾರ. ಒಡೆತನವನ್ನು ರದ್ದು ಮಾಡಿದ್ದು 1833ರ ಕಾಯಿದೆ, ಜಾರಿಗೆ ಬಂದದ್ದು 1834ರ ಆಗಸ್ಟ್ 1ರಂದು. ಆಮೇಲೂ ‘ಅಪ್ರೆಂಟಿಸ್’ ಹೆಸರಿನಲ್ಲಿ 1838ರವರೆಗೆ ದುಡಿಸಿಕೊಂಡರು. 2 ಕೋಟಿ ಪೌಂಡ್ ಪರಿಹಾರ ಹೋದದ್ದು ಮಾಲೀಕರಿಗೆ, ದುಡಿದವರಿಗೆ ಬಿಡಿಗಾಸೂ ಇಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಆ ಕಾಯಿದೆಯಿಂದ ಹೊರಗಿಟ್ಟಿದ್ದರು. ಭಾರತದ ಕಾನೂನು ಬಂದದ್ದು 1843ರಲ್ಲಿ. ಅಮೆರಿಕ ಖಂಡಗಳಲ್ಲಿ ಕೊನೆಯದು ಬ್ರೆಜಿಲ್, 1888. ಮಾರಿಟೇನಿಯಾ 1981ರಲ್ಲಿ ರದ್ದು ಮಾಡಿತು, ಶಿಕ್ಷಾರ್ಹ ಅಪರಾಧ ಮಾಡಿದ್ದು 2007ರಲ್ಲಿ. ಆ 26 ವರ್ಷ ಗುಲಾಮರನ್ನು ಇಟ್ಟುಕೊಂಡವನಿಗೆ ಯಾವ ಶಿಕ್ಷೆಯೂ ಇರಲಿಲ್ಲ. ಹಾಗಾಗಿ ಯಾವ ದೇಶದ ಇಸವಿ ಕಂಡರೂ, ರದ್ದಾದದ್ದು ವ್ಯಾಪಾರವೋ, ಒಡೆತನವೋ, ತಪ್ಪಿದರೆ ಶಿಕ್ಷೆ ಇತ್ತೋ ಎಂದು ಕೇಳಿ.

ಪ್ರಶ್ನೆ: ಕಡಿಮೆ ಕೂಲಿಗೆ ಕಷ್ಟದ ಕೆಲಸ ಮಾಡುವವರನ್ನೆಲ್ಲ ಆಧುನಿಕ ಗುಲಾಮರು ಅನ್ನಬಹುದೇ?

ಉತ್ತರ: ಅನ್ನಬಾರದು. ಎಲ್ಲಕ್ಕೂ ಅದೇ ಹೆಸರಿಟ್ಟರೆ ನಿಜವಾದ ಜೀತ ಕಣ್ಣಿಗೇ ಬೀಳುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1930ರ ಒಪ್ಪಂದ ಕೇಳುವುದು ಎರಡು ಸಂಗತಿ: ಶಿಕ್ಷೆಯ ಬೆದರಿಕೆ ಇದೆಯೇ, ಕೆಲಸಗಾರ ತಾನಾಗಿ ಒಪ್ಪಿ ಬಂದಿದ್ದಾನೆಯೇ. ಆಡುಮಾತಿನಲ್ಲಿ ಹೇಳುವುದಾದರೆ, ನಾಳೆ ಬೆಳಿಗ್ಗೆ ಬಿಟ್ಟು ಹೊರಟರೆ ಏನಾಗುತ್ತದೆ? ಸಂಬಳ ತಪ್ಪುತ್ತದೆ, ಅಷ್ಟೇ ಆದರೆ ಅದು ಬಡತನ, ಶೋಷಣೆಯೂ ಇರಬಹುದು. ಪಾಸ್‌ಪೋರ್ಟ್ ಸಿಗುವುದಿಲ್ಲ, ಆರು ತಿಂಗಳ ಬಾಕಿ ಮುಳುಗುತ್ತದೆ, ಊರಲ್ಲಿರುವ ತಮ್ಮನನ್ನು ಹಿಡಿದು ತರುತ್ತಾರೆ ಎಂದಾದರೆ ವಿಷಯವೇ ಬೇರೆ. ಸಂಘಟನೆ ಇಂಥ 11 ಸೂಚಕಗಳನ್ನು ಪಟ್ಟಿ ಮಾಡಿದೆ. ಮೋಸದ ನೇಮಕ, ಓಡಾಟಕ್ಕೆ ತಡೆ, ಸಂಬಳ ಹಿಡಿದಿಡುವುದು, ಗುರುತಿನ ಕಾಗದ ಕಿತ್ತಿಟ್ಟುಕೊಳ್ಳುವುದು ಅವುಗಳಲ್ಲಿ ಕೆಲವು.

ಇವತ್ತು ಎಷ್ಟೋ ಕಡೆ ಸರಪಳಿಯ ಕೆಲಸ ಮಾಡುವುದು ಸಾಲ. ಮುಂಗಡ 1,000 ಎಂದಿಟ್ಟುಕೊಳ್ಳಿ, ಯಾವ ದೇಶದ ಹಣವಾದರೂ ಆಗಲಿ. ತಿಂಗಳ ಕೂಲಿ 200. ಊಟಕ್ಕೆ 110 ಮುರಿದರು, ಕೋಣೆಗೆ 40, ತಿಂಗಳಿಗೆ ನೂರಕ್ಕೆ ಐದರಂತೆ ಬಡ್ಡಿ 50. ಕೈಗೆ ಬಂದದ್ದು ಸೊನ್ನೆ, ಅಸಲು 1,000 ಹಾಗೇ ಇದೆ. ವರ್ಷ ಕಳೆದರೂ ಅಷ್ಟೇ. ಮೂರು ದಿನ ಜ್ವರ ಬಂದು ಕೂಲಿ 20 ಕಡಿತವಾದರೆ ಸಾಲ 1,020, ಮುಂದಿನ ತಿಂಗಳ ಬಡ್ಡಿ 51. ಎಲ್ಲೂ ಹೊಡೆತ ಬಡಿತವಿಲ್ಲ, ಬಾಗಿಲಿಗೆ ಬೀಗವೂ ಬೇಡ. ಕೂಲಿ, ಊಟದ ದರ, ಬಡ್ಡಿ ಮೂರನ್ನೂ ಬರೆಯುವ ಕೈ ಒಂದೇ, ಪುಸ್ತಕ ಅವನ ಪೆಟ್ಟಿಗೆಯಲ್ಲಿ. ‘ನಿನ್ನ ಲೆಕ್ಕ ಎಷ್ಟಿದೆ?’ ಎಂದಾಗ ಕೆಲಸಗಾರನಿಗೆ ಹೇಳಲಾಗದಿದ್ದರೆ ಅಲ್ಲೇ ಅನುಮಾನ ಪಡಿ.

ಪ್ರಶ್ನೆ: ‘ಇತಿಹಾಸದಲ್ಲೇ ಅತಿ ಹೆಚ್ಚು ಗುಲಾಮರು ಈಗಲೇ ಇದ್ದಾರೆ’ ಎನ್ನುತ್ತಾರೆ. ನಿಜವೇ?

ಉತ್ತರ: ಆಧುನಿಕ ಗುಲಾಮಗಿರಿಯಲ್ಲಿರುವವರ 2021ರ ಜಾಗತಿಕ ಅಂದಾಜು 4.96 ಕೋಟಿ. ಅದರಲ್ಲಿ ಬಲವಂತದ ದುಡಿಮೆ 2.76 ಕೋಟಿ, ಬಲವಂತದ ಮದುವೆ 2.2 ಕೋಟಿ. ಇದನ್ನು ಅಟ್ಲಾಂಟಿಕ್‌ನ 1.25 ಕೋಟಿಯ ಪಕ್ಕದಲ್ಲಿಟ್ಟು ಭಾಷಣ ಮಾಡುವವರಿದ್ದಾರೆ. ಒಂದು, ಯಾವುದೋ ಒಂದು ದಿನ ಆ ಸ್ಥಿತಿಯಲ್ಲಿ ಇರುವವರ ಲೆಕ್ಕ. ಇನ್ನೊಂದು, ಮುನ್ನೂರೈವತ್ತು ವರ್ಷಗಳಲ್ಲಿ ಹಡಗು ಹತ್ತಿಸಿದವರ ಲೆಕ್ಕ. ಸಾಗರದ ಆಚೆ ಗುಲಾಮರಾಗಿಯೇ ಹುಟ್ಟಿದ ಮಕ್ಕಳು ಅದರಲ್ಲಿ ಸೇರಿಲ್ಲ, ಬಲವಂತದ ಮದುವೆಯೂ ಸೇರಿಲ್ಲ. ಹೋಲಿಕೆಯೇ ನಿಲ್ಲದು.

ಪ್ರಶ್ನೆ: ಎಲ್ಲಾದರೂ ಅನುಮಾನ ಬಂದರೆ ನಾವೇ ಹೋಗಿ ಬಿಡಿಸಬಹುದೇ?

ಉತ್ತರ: ಬೇಡ. ಮಾಲೀಕನನ್ನು ಕೇಳಲು ಹೋದರೆ ರಾತ್ರೋರಾತ್ರಿ ಜನರನ್ನು ಬೇರೆಡೆಗೆ ಸಾಗಿಸುತ್ತಾನೆ, ಲೆಕ್ಕದ ಪುಸ್ತಕವೂ ಮಾಯವಾಗುತ್ತದೆ. ಸಾಲ ತೀರಿಸಿ ಬಿಡಿಸುವುದೂ ತಪ್ಪು, ಆ ದುಡ್ಡಿನಲ್ಲಿ ಇನ್ನೊಬ್ಬನಿಗೆ ಮುಂಗಡ ಸಿಗುತ್ತದೆ. ಜಾಗ, ದಿನಾಂಕ, ವೇಳೆ, ಕಂಡಷ್ಟು ತಲೆ ಲೆಕ್ಕ, ಬಂದುಹೋಗುವ ವಾಹನದ ಸಂಖ್ಯೆ ಬರೆದಿಟ್ಟುಕೊಂಡು ಕಾರ್ಮಿಕ ಇಲಾಖೆಗೋ ಪೊಲೀಸರಿಗೋ ಲಿಖಿತವಾಗಿ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಅಲ್ಲಿರುವವರ ಮುಖದ ಫೋಟೊ ಮಾತ್ರ ಎಲ್ಲೂ ಹಾಕಬೇಡಿ. ಮೊದಲ ಏಟು ಬೀಳುವುದು ಅವರಿಗೇ.