ಮೇಣದ ಹೊದಿಕೆ ಒಂದೇ, ಮಾತ್ರೆ ಒಂದೇ ಅಲ್ಲ

ಪ್ರಶ್ನೆ: ಟಿಬಿ, ಕುಷ್ಠ ಎರಡರದ್ದೂ ಒಂದೇ ಕುಲದ ಬ್ಯಾಕ್ಟೀರಿಯಾ, ಎರಡಕ್ಕೂ ಮೇಣದ ಹೊದಿಕೆ ಎಂದು ಓದಿದೆ. ಮನೆಯಲ್ಲಿ ಉಳಿದ ಟಿಬಿ ಮಾತ್ರೆಯನ್ನು ಕುಷ್ಠ ಇರುವ ಅಣ್ಣನಿಗೆ ಕೊಡಬಹುದಾ?

ಉತ್ತರ: ಬೇಡ. ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಲೆಕ್ಕ ಬಿಟ್ಟಿದ್ದೇನೆ. ಅಷ್ಟಕ್ಕೂ ಟಿಬಿ ಮಾತ್ರೆ ಮನೆಯಲ್ಲಿ ಉಳಿದದ್ದು ಹೇಗೆ? ಯಾರೋ ಕೋರ್ಸ್ ಅರ್ಧಕ್ಕೇ ಬಿಟ್ಟಿದ್ದಾರೆ. ಮೊದಲು ಅವರನ್ನು ವಿಚಾರಿಸಿ.

ನೀವು ಓದಿದ್ದು ತಪ್ಪಲ್ಲ. ಎರಡಕ್ಕೂ ಒಳಗೆ ಪೆಪ್ಟಿಡೋಗ್ಲೈಕಾನ್ ಬಲೆ, ಅದರ ಮೇಲೆ ಅರಾಬಿನೊಗ್ಯಾಲಕ್ಟನ್ ಎಂಬ ಸಕ್ಕರೆಯ ಪದರ, ಅದಕ್ಕೆ ಅಂಟಿದ ಮೈಕೋಲಿಕ್ ಆಸಿಡ್. ಅದೇ ಮೇಣ. ಅದಿರುವುದರಿಂದಲೇ ರೋಗಾಣು ಕಾಣಲೆಂದು ಲ್ಯಾಬಿನಲ್ಲಿ ಸ್ಲೈಡಿಗೆ ಹಾಕುವ ಕೆಂಪು ಬಣ್ಣ, ಒಮ್ಮೆ ಹಿಡಿದರೆ ಆಸಿಡ್ ಸುರಿದರೂ ಬಿಡುವುದಿಲ್ಲ. ಆದರೆ ಟಿಬಿ ಕಫದ ಸ್ಲೈಡನ್ನು 20–25% ಸಲ್ಫ್ಯೂರಿಕ್ ಆಸಿಡ್‌ನಲ್ಲಿ ತೊಳೆಯುತ್ತೇವೆ, ಕುಷ್ಠದ್ದಕ್ಕೆ 5% ಮಾತ್ರ. ಜಾಸ್ತಿಯಾದರೆ ಬಣ್ಣ ಹೋಗಿ, ಇದ್ದ ರೋಗಾಣುವೂ ಕಾಣುವುದಿಲ್ಲ. ಹೊಸ ಹುಡುಗರು ಈ ಎರಡು ಬಾಟಲಿ ಅದಲುಬದಲು ಮಾಡಿದಾಗ ನಾನು ಕೂಗಾಡುವುದು ಸುಮ್ನೆ ಅಲ್ಲ.

ಬಲೆಯಲ್ಲೂ ವ್ಯತ್ಯಾಸವಿದೆ. ಟಿಬಿಯದರಲ್ಲಿ ಅಲನೈನ್ ಎಂಬ ಅಮೈನೋ ಆಸಿಡ್ ಇರುವ ಒಂದು ಜಾಗದಲ್ಲಿ ಕುಷ್ಠದ್ದಕ್ಕೆ ಗ್ಲೈಸಿನ್ ಎಂಬ ಇನ್ನೊಂದು. ಜೊತೆಗೆ ಕುಷ್ಠದ್ದರ ಹೊರಮೈಯಲ್ಲಿ ಮೂರು ಸಕ್ಕರೆ ಪೋಣಿಸಿದ ಪಿಜಿಎಲ್-1 ಎಂಬ ಕೊಬ್ಬೂ ಇದೆ. ಅದು ನರದ ಎಳೆಗೆ ಹೊದಿಕೆಯಾಗಿರುವ ಶ್ವಾನ್ ಕೋಶದ ಸುತ್ತಲಿನ ಲ್ಯಾಮಿನಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ. ಕುಷ್ಠ ನರಕ್ಕೇ ಗಂಟುಬೀಳುವುದರಲ್ಲಿ ಇದಕ್ಕೂ ಪಾಲಿದೆ.

ಈಗ ಮಾತ್ರೆ. ಟಿಬಿಯ ಐಸೋನಿಯಾಜಿಡ್ ಮೈಕೋಲಿಕ್ ಆಸಿಡ್ ತಯಾರಾಗುವುದನ್ನೇ ತಡೆಯುತ್ತದೆ. ಮೇಣ ಎರಡಕ್ಕೂ ಇದೆ, ಹಾಗಾದರೆ ಕೆಲಸ ಮಾಡಬೇಕು ಅಲ್ವಾ? ಮಾಡಲ್ಲ. ಆ ಔಷಧಿಗೆ ಜೀವ ಕೊಡುವುದು ರೋಗಾಣುವಿನದೇ ಒಂದು ಕಿಣ್ವ, ಕ್ಯಾಟ್‌ಜಿ. ಕುಷ್ಠದ ರೋಗಾಣುವಿನಲ್ಲಿ ಆ ಕಿಣ್ವ ಮಾಡುವ ಜೀನ್ ಕೆಟ್ಟು ಕೂತಿದೆ. ಟಿಬಿಯ ಇನ್ನೊಂದು ಔಷಧಿ ರಿಫಾಂಪಿಸಿನ್ ಎರಡಕ್ಕೂ ನಾಟುತ್ತದೆ, ನಿಜ. ಅದೇ ನನಗೆ ಹೆದರಿಕೆ. ಜೊತೆಗೆ ಕುಷ್ಠದ ಔಷಧಿಗಳಾದ ಡ್ಯಾಪ್ಸೋನ್, ಕ್ಲೋಫಾಜಿಮಿನ್ ಇಲ್ಲದೆ ಅದೊಂದೇ ಹೋರಾಡಿದರೆ ರೋಗಾಣು ಅದಕ್ಕೂ ಬಗ್ಗದಂತಾಗಬಹುದು. ಕುಷ್ಠದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಅಣ್ಣನನ್ನು ನಾಳೆಯೇ ಕರೆದುಕೊಂಡು ಹೋಗಿ.

ಪ್ರಶ್ನೆ: ಬಿಸಿನೀರಿಗೆ ಅರಿಶಿನ ಹಾಕಿ ಕುಡಿದರೆ ಆ ಮೇಣ ಕರಗುತ್ತದಂತೆ?

ಉತ್ತರ: ಅದು ಮೇಣದಬತ್ತಿ ಅಲ್ಲ. ಹೀಗೆಂದು ಪುಡಿ ಮಾರುವವನ ಹತ್ತಿರ ಬಿಲ್ ಕೇಳಿ, ಮಾಯವಾಗುತ್ತಾನೆ.

ಪ್ರಶ್ನೆ: ಕುಷ್ಠಕ್ಕೂ ಕಲ್ಚರ್ (ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಲೇ?

ಉತ್ತರ: 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸನ್ ಕಂಡುಹಿಡಿದ ಈ ರೋಗಾಣುವನ್ನು ಇವತ್ತಿನವರೆಗೂ ಯಾರೂ ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿಲ್ಲ. ಯಾವುದಾದರೂ ಲ್ಯಾಬ್ ಅದಕ್ಕೆ ದುಡ್ಡು ತೆಗೆದುಕೊಂಡಿದ್ದರೆ ವಾಪಸ್ ಕೇಳಿ.