50 ಇದ್ದದ್ದು 500 ಆದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕಾಸರಗೋಡಿನ ಬದಿಯಡ್ಕ ಕಡೆಯ ಯುವಕ, ಮನೆಯಿಂದಲೇ ಕೆಲಸ. ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆಯಲ್ಲಿ ಪರದೆಗೆ ಚಿತ್ರ ತರುವ ತಂತ್ರಾಂಶಗಳ, ಅಂದರೆ ಗ್ರಾಫಿಕ್ಸ್ ಡ್ರೈವರ್‌ಗಳ ಪರೀಕ್ಷೆಗಳಿಗೆ ಬರುವ ತಿದ್ದುಪಡಿಗಳನ್ನು ಓದಿ ಒಪ್ಪಿಗೆ ಕೊಡುವುದು ಅವನ ಹೊಣೆ. ಮೂರು ವಾರದಿಂದ ನಿದ್ದೆಯಿಲ್ಲ. ಇದೇ ದೂರು ಹೊತ್ತ ಹುಡುಗರು, ಹುಡುಗಿಯರು ಆಪ್ತಸಲಹೆಗೆಂದು ನನ್ನಲ್ಲಿಗೆ ಮತ್ತೆ ಮತ್ತೆ ಬರುತ್ತಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎರಡನೆಯ ಭೇಟಿಯಲ್ಲಿ, ನಿದ್ದೆ ಕೆಡಿಸಿದ ತಿದ್ದುಪಡಿಯನ್ನೇ ವಿವರಿಸಲು ಹೇಳಿದೆ. ಹೊಸ ಚಿತ್ರ ಪರದೆಗೆ ಬಂದೊಡನೆ ಡ್ರೈವರ್ ಒಂದು ಈವೆಂಟ್, ಅಂದರೆ ‘ಬಂತು’ ಎನ್ನುವ ಸೂಚನೆ, ಕಳಿಸಬೇಕು. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್. ಪರೀಕ್ಷೆ 50 ಮಿಲಿಸೆಕೆಂಡ್, ಅಂದರೆ ಮೂರು ಫ್ರೇಮ್, ಕಾಯುತ್ತಿತ್ತು. ಒಂದು ಯಂತ್ರದಲ್ಲಿ ಮಾತ್ರ 50 ಸಲಕ್ಕೊಮ್ಮೆ ಫೇಲ್. ಹಿರಿಯರೊಬ್ಬರು 50ನ್ನು 500 ಮಾಡಿ ಕಳಿಸಿದರು. ಇವನು ಅದಕ್ಕೆ ‘ರಿವ್ಯೂಡ್-ಬೈ’, ಅಂದರೆ ಓದಿ ಒಪ್ಪಿದ್ದೇನೆ ಎನ್ನುವ ಟ್ಯಾಗ್, ಹಾಕಿದ.

“500 ಅಂದ್ರೆ ಎಷ್ಟು ಫ್ರೇಮ್?”

“30, ಸರ್. ಅಷ್ಟು ತಡವಾಗಿ ಬಂದ್ರೂ ಪಾಸ್ ಆಗ್ತದೆ. ಯಾಕೆ ತಡ ಅಂತ ಅವ್ರು ಬರೆದಿಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆಮಾತಿಗೆ ಹೊರಳಿದ: “ಎನಗೆ ಅರ್ಥ ಆಯಿದಿಲ್ಲೆ ಹೇಳಿ ಬರವಲೆ ನಾಚಿಕೆ ಆವ್ತು.”

ತಡವರಿಸದೆ 30 ಎಂದವನಿಗೆ ಅರ್ಥವಾಗಿಲ್ಲವೆಂದು ನಾನು ನಂಬಲಾರೆ. ಪರದೆ ಅರೆಕ್ಷಣ ನಿಂತರೂ ಈ ಪರೀಕ್ಷೆ ಇನ್ನು ಹಿಡಿಯುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೋಡಿನ ಮಾತು ಆಪ್ತಸಲಹೆಯ ಕೋಣೆಗೆ ಯಾಕೆ ಎಂದು ಕೇಳುವವರಿದ್ದಾರೆ. ಆ ಟ್ಯಾಗ್ ಹಾಕುವವರು, ತಿದ್ದುಪಡಿಯನ್ನು ಸೇರಿಸಿಕೊಳ್ಳಬಾರದು ಎನ್ನುವಂಥ ದೋಷ ತಮಗೆ ತಿಳಿದಂತೆ ಇಲ್ಲ ಎಂದು ಹೇಳಿದಂತೆ. ಲಿನಕ್ಸಿನ ತಿರುಳಾದ ಕರ್ನಲ್‌ನ ದಾಖಲೆಯಲ್ಲೇ ಹಾಗಿದೆ. ದೋಷ ಕಂಡೂ ಸಹಿ ಹಾಕಿದವನಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಲು ನನ್ನಿಂದ ಆಗದು.

ಹೇಳಿದ್ದು ಇಷ್ಟು. ತಿದ್ದುಪಡಿ ಇನ್ನೂ ಸೇರಿಲ್ಲವಾದ್ದರಿಂದ ಟ್ಯಾಗ್ ಹಿಂತೆಗೆದುಕೊಳ್ಳುತ್ತೇನೆಂದು ಒಂದು ಸಾಲು ಬರೆ. ತಿದ್ದುಪಡಿ ಇಲ್ಲದೆ, ಆಮೇಲೆ ಅದರೊಂದಿಗೆ, ಅದೇ ಯಂತ್ರದಲ್ಲಿ ಪರೀಕ್ಷೆ ಓಡಿಸು. 100 ಸಲ ಸಾಲದು: 50ಕ್ಕೊಮ್ಮೆ ಬೀಳುವಂಥದ್ದು 100ರಲ್ಲಿ ಒಮ್ಮೆಯೂ ಬೀಳದಿರುವ ಸಂಭವ ಸುಮಾರು 13%. 300 ಸಲ ಓಡಿಸಿದರೆ ಅದು 1%ಕ್ಕಿಂತ ಕೆಳಗಿಳಿಯುತ್ತದೆ. ಆಮೇಲೆ ಡ್ರೈವರ್‌ನಲ್ಲಿ ಬೇಕೆಂದೇ ಈವೆಂಟನ್ನು ಐದು ಫ್ರೇಮ್ ತಡಮಾಡಿ ನೋಡು. ಆಗಲೂ ಪರೀಕ್ಷೆ ಪಾಸಾದರೆ ಅದನ್ನೇ ಬರೆದು ತಿಳಿಸು. “ಇದು ತಪ್ಪು” ಎನ್ನುವುದು ಬೇಡ. “ಈ ಯಂತ್ರದಲ್ಲಿ ಈವೆಂಟ್ ಯಾಕೆ ತಡವಾಗುತ್ತದೆಂದು ಗೊತ್ತಾಗಿದೆಯೇ?” ಎಂದು ಕೇಳು, ಕೆಳಗೆ ಅಂಕಿ ಹಾಕು. ಹಿರಿಯರೆದುರು ದನಿ ಏಳದವರಿಗೆ ಅಂಕಿಗಳ ಆಸರೆ ದೊಡ್ಡದು. ಬರೇ ಓಡಿಸಿ ನೋಡಿದ್ದಾದರೆ ‘ಟೆಸ್ಟೆಡ್-ಬೈ’ ಎಂಬ ಬೇರೆಯೇ ಟ್ಯಾಗ್ ಉಂಟು. ಅದರಲ್ಲಿ ಸಣ್ಣತನವೇನೂ ಇಲ್ಲ.

ಹತ್ತನೆಯವರೆಗೆ ಕನ್ನಡ ಮಾಧ್ಯಮ, ಪೇಟೆಯಲ್ಲಿ ಮಲಯಾಳ, ಕೆಲಸದಲ್ಲಿ ಇಂಗ್ಲಿಷ್. ತಪ್ಪಾಗಿ ಮಾತಾಡುವ ಬದಲು ಸುಮ್ಮನಿರುವುದು ನಮ್ಮ ಮಕ್ಕಳಿಗೆ ರೂಢಿಯಾಗಿಬಿಟ್ಟಿದೆ. ಅದಕ್ಕೆ ಆ ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಬರೆಸಿದೆ.

ಹಿರಿಯರು 500ನ್ನು ಕೈಬಿಟ್ಟು, ಈವೆಂಟ್ ಬಂದ ಸಮಯ ದಾಖಲಿಸುವ ಎರಡನೆಯ ಆವೃತ್ತಿ ಕಳಿಸಿದ್ದಾರೆ. 300 ಓಟ ಮತ್ತೆ ಶುರುವಾಗಿದೆ.